ಲೂಥರನ್ ಹೈಸ್ಕೂಲಿನ ಕೋರ್ಸ್ ಪಟ್ಟಿ: ನಾಲ್ಕು ವರ್ಷ ಕಂಡ ಮೇಲೆ ಒಂದು ವಿಮರ್ಶೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿ ನಗರದ ಹೊರವಲಯದ ಒಂದು ಲೂಥರನ್ (ಮಾರ್ಟಿನ್ ಲೂಥರ್ ಪರಂಪರೆಯ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಥದ) ಹೈಸ್ಕೂಲಿನಲ್ಲಿ ನಮ್ಮ ಮಗಳು ನಾಲ್ಕು ವರ್ಷ ಓದಿ ಕಳೆದ ಬೇಸಿಗೆಯಲ್ಲಿ ಹೊರಬಂದಳು. ಈಗ ಎಂಟನೇ ತರಗತಿಯಲ್ಲಿರುವ ಮಗನ ಸರದಿ. ಮುಂದಿನ ವರ್ಷದ ಕೋರ್ಸ್ ಪಟ್ಟಿ ಮತ್ತೆ ನಮ್ಮ ಊಟದ ಮೇಜಿನ ಮೇಲೆ ಬಂದು ಕುಳಿತಿದೆ. ನಾಲ್ಕು ವರ್ಷಗಳ ಹಿಂದೆ ಇದೇ ಪಟ್ಟಿಯನ್ನು ನಾವು ಹೋಟೆಲಿನ ತಿಂಡಿ ಪಟ್ಟಿಯಂತೆ ಓದಿದ್ದೆವು. ಎಷ್ಟು ಬಗೆ ಇದೆ ಎಂದು ನೋಡಿ ಸಂತೋಷಪಟ್ಟು, ಇದ್ದದ್ದೆಲ್ಲ ಸಿಗುತ್ತದೆ ಎಂದುಕೊಂಡಿದ್ದೆವು. ಇಂತಹ ಶಾಲೆಯನ್ನು ಮಕ್ಕಳಿಗಾಗಿ ಪರಿಶೀಲಿಸುತ್ತಿರುವ ಕನ್ನಡ ಕುಟುಂಬಗಳು ಈ ಭಾಗದಲ್ಲಿ ಕೆಲವು ಇವೆ, ನಮ್ಮನ್ನು ಕೇಳುವವರೂ ಇದ್ದಾರೆ. ಆದ್ದರಿಂದ ಕೋರ್ಸ್‌ಗಳ ಮಟ್ಟಿಗೆ ಮಾತ್ರ ನಮ್ಮ ಅನುಭವವನ್ನು ಬರೆದಿಡುತ್ತಿದ್ದೇನೆ. ಆಟದ ಮೈದಾನ, ಬಸ್ಸು, ಸ್ನೇಹಿತರ ವಿಷಯ ಇಲ್ಲಿಲ್ಲ. ಶಾಲೆಯ ಹೆಸರನ್ನೂ ಬರೆಯುವುದಿಲ್ಲ, ಏಕೆಂದರೆ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಈ ಗಾತ್ರದ, ಈ ಪಂಥದ ಬೇರೆ ಶಾಲೆಗಳಿಗೂ ಹೊಂದುವಂಥದ್ದು.

ಮೊದಲು ಲೆಕ್ಕ. ಈ ಶಾಲೆಯ ದಿನದಲ್ಲಿ ಎಂಟು ಪಿರಿಯಡ್‌ಗಳಿವೆ. ಊಟದ ಹೊತ್ತನ್ನು ಕಳೆದರೆ ಏಳು ಉಳಿಯುತ್ತವೆ. ವರ್ಷವಿಡೀ ನಡೆಯುವ ತರಗತಿಗೆ 1 ಕ್ರೆಡಿಟ್, ಒಂದೇ ಸೆಮಿಸ್ಟರಿನದಕ್ಕೆ ಅರ್ಧ. ಹಾಗಾಗಿ ನಾಲ್ಕು ವರ್ಷಕ್ಕೆ ಒಟ್ಟು 28 ಕ್ರೆಡಿಟ್‌ಗಳ ಜಾಗವಿದೆ. ವಿಸ್ಕಾನ್ಸಿನ್ ಕಾನೂನು ತನ್ನ ಸರ್ಕಾರಿ ಹೈಸ್ಕೂಲುಗಳಲ್ಲಿ (ಇಲ್ಲಿನವರ ಬಾಯಲ್ಲಿ ಅವೇ ಪಬ್ಲಿಕ್ ಸ್ಕೂಲುಗಳು, ನಮ್ಮೂರಿನಲ್ಲಿ ಆ ಹೆಸರು ದುಬಾರಿ ಖಾಸಗಿ ಶಾಲೆಗೆ ಅಂಟಿಕೊಂಡಿರುವುದರಿಂದ ಹೊಸದಾಗಿ ಬಂದವರಿಗೆ ಗೊಂದಲವಾಗುತ್ತದೆ) ಡಿಪ್ಲೊಮಾ ಪಡೆಯಲು ಇಂಗ್ಲಿಷ್ 4, ಸಮಾಜ ವಿಜ್ಞಾನ 3, ಗಣಿತ 3, ವಿಜ್ಞಾನ 3, ದೈಹಿಕ ಶಿಕ್ಷಣ 1.5, ಆರೋಗ್ಯ ಶಿಕ್ಷಣ 0.5, ವೈಯಕ್ತಿಕ ಹಣಕಾಸು ನಿರ್ವಹಣೆ 0.5 (ಇದು 2028ರಲ್ಲಿ ಮುಗಿಸುವವರಿಂದ ಶುರು) ಕ್ರೆಡಿಟ್‌ಗಳನ್ನು ಕೇಳುತ್ತದೆ. ನಮ್ಮ ಶಾಲೆ ಇದನ್ನೇ ಅಡಿಪಾಯವಾಗಿ ಇಟ್ಟುಕೊಂಡು, ಅದರ ಮೇಲೆ ಥಿಯಾಲಜಿಗೆ, ಅಂದರೆ ಕ್ರೈಸ್ತ ಧರ್ಮಶಾಸ್ತ್ರಕ್ಕೆ 4, ಲಲಿತಕಲೆಗೆ 1 ಸೇರಿಸಿದೆ. ಕೂಡಿದರೆ ಕಡ್ಡಾಯದ ಭಾಗವೇ 20.5 ಆಗುತ್ತದೆ, ಆಯ್ಕೆಗೆ ಉಳಿಯುವುದು 7.5. ಒಳ್ಳೆಯ ವಿಶ್ವವಿದ್ಯಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡ ಮಗು ವಿದೇಶಿ ಭಾಷೆಯೊಂದನ್ನು ಮೂರು ವರ್ಷ, ಗಣಿತವನ್ನೂ ವಿಜ್ಞಾನವನ್ನೂ ನಾಲ್ಕನೆಯ ವರ್ಷ ಓದುತ್ತದೆ. ಅಲ್ಲಿಗೆ 5 ಕ್ರೆಡಿಟ್ ಹೋಯಿತು. ಉಳಿದ ಎರಡೂವರೆಯಲ್ಲಿ, ನಮ್ಮ ಮಗಳ ಹಾಗೆ ನಾಲ್ಕೂ ವರ್ಷ ಗಾಯನವೃಂದದಲ್ಲಿ ಹಾಡುವ ಆಸೆ ಇದ್ದರೆ, ಲಲಿತಕಲೆಯ ಕಡ್ಡಾಯದಲ್ಲಿ ಒಂದು ವರ್ಷ ಜಮೆಯಾದ ಮೇಲೂ ಇನ್ನು ಮೂರು ಬೇಕು. ಅರ್ಧ ಕ್ರೆಡಿಟ್ ಸಾಲ! ಅವಳು ಆರೋಗ್ಯ ಶಿಕ್ಷಣವನ್ನು ಬೇಸಿಗೆ ರಜೆಯಲ್ಲಿ ಮುಗಿಸಿ ಆ ಸಾಲವನ್ನು ತೀರಿಸಿದಳು. ಕಂಪ್ಯೂಟರ್, ಮರಗೆಲಸ, ಅರ್ಥಶಾಸ್ತ್ರ, ಪತ್ರಿಕೋದ್ಯಮ ಎಂದು ಪಟ್ಟಿಯಲ್ಲಿ ಇನ್ನೂ ಹದಿನೈದಿಪ್ಪತ್ತು ಆಯ್ಕೆಗಳಿದ್ದವು. ಅವು ಇದ್ದವು ಎಂಬುದಷ್ಟೇ ನಮಗೆ ಗೊತ್ತು.

ಆದ್ದರಿಂದ ಇಂತಹ ಪಟ್ಟಿಯನ್ನು ಓದುವವರು ಮೊದಲು ಹಿಡಿಯಬೇಕಾದ ಎಳೆ ಥಿಯಾಲಜಿ. ವರ್ಷಕ್ಕೆ ಒಂದು ಪಿರಿಯಡ್, ನಾಲ್ಕೂ ವರ್ಷ, ಯಾರಿಗೂ ವಿನಾಯಿತಿ ಇಲ್ಲದೆ. ಹಿಂದೂ ಮನೆಯಿಂದ ಬಂದ ನಮ್ಮಂಥವರು ಇದನ್ನು ಪಕ್ಕಕ್ಕೆ ಸರಿಸಿ, ‘ಅದೊಂದು ನೀತಿಪಾಠ, ಕೂತು ಎದ್ದು ಬಂದರಾಯಿತು’ ಎಂದುಕೊಳ್ಳುತ್ತೇವೆ. ಅದು ತಪ್ಪು ಅಂದಾಜು. ಒಂಬತ್ತನೇ ತರಗತಿಯಲ್ಲಿ ಬೈಬಲಿನ ಹಳೆಯ ಒಡಂಬಡಿಕೆ, ಹತ್ತರಲ್ಲಿ ಹೊಸ ಒಡಂಬಡಿಕೆ, ಹನ್ನೊಂದರಲ್ಲಿ ಒಂದು ಸೆಮಿಸ್ಟರ್ ಸಭಾ ಇತಿಹಾಸ (ಅಂದರೆ ಚರ್ಚಿನ ಇತಿಹಾಸ) ಮತ್ತು ಇನ್ನೊಂದು ಸೆಮಿಸ್ಟರ್ ಲೂಥರನ್ ಸಿದ್ಧಾಂತ, ಹನ್ನೆರಡರಲ್ಲಿ ಜಗತ್ತಿನ ಧರ್ಮಗಳು ಮತ್ತು ಕ್ರೈಸ್ತ ನೀತಿವಿಚಾರ. ಪರೀಕ್ಷೆ, ಮನೆಗೆಲಸ, ಸೆಮಿಸ್ಟರಿಗೊಂದು ದೀರ್ಘ ಪ್ರಬಂಧ ಎಲ್ಲವೂ ಉಂಟು, ಅಂಕಗಳು ಶಾಲೆಯ ಜಿಪಿಎಗೆ, ಅಂದರೆ ಒಟ್ಟು ಸರಾಸರಿಗೆ, ಸೇರುತ್ತವೆ.

ಮೊದಲ ವರ್ಷ ಬಾಯಿಪಾಠದ ಭಾರ ಹೆಚ್ಚು. ಮಾರ್ಟಿನ್ ಲೂಥರ್ 1529ರಲ್ಲಿ ಮನೆಯ ಯಜಮಾನರು ಮಕ್ಕಳಿಗೆ ಹೇಳಿಕೊಡಲೆಂದು ಬರೆದ ಚಿಕ್ಕ ಕ್ಯಾಟಕಿಸಂ, ಅಂದರೆ ಪ್ರಶ್ನೋತ್ತರ ರೂಪದ ಧರ್ಮಪಾಠ, ಇಂದಿಗೂ ಇಲ್ಲಿ ಜೀವಂತ ಪಠ್ಯ. ದಶಾಜ್ಞೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಪ್ರತಿಯೊಂದಕ್ಕೂ ‘ಇದರ ಅರ್ಥವೇನು?’ ಎಂದು ಕೇಳಿ, ಒಂದೆರಡು ವಾಕ್ಯಗಳಲ್ಲಿ ಉತ್ತರಿಸುವ ಅದರ ಕ್ರಮ ನನಗೆ ವೈಯಕ್ತಿಕವಾಗಿ ಹಿಡಿಸಿತು. ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಗೆ ಹಾಕಿಕೊಂಡ ಹಿರಿಯರು ಇದ್ದ ಮನೆಯಲ್ಲಿ ಬೆಳೆದವರಿಗೆ ಈ ಪದ್ಧತಿ ಪರಕೀಯವೆನಿಸುವುದಿಲ್ಲ. ಲೂಥರನ್ ಮನೆಗಳಿಂದ ಬಂದ ಸಹಪಾಠಿಗಳು ಇದನ್ನು ಎಳೆಯ ವಯಸ್ಸಿನಲ್ಲೇ ಕಲಿತಿರುತ್ತಾರೆ ಎಂಬುದನ್ನು ಮಾತ್ರ ಪಟ್ಟಿ ಹೇಳುವುದಿಲ್ಲ. ಹೊರಗಿನಿಂದ ಬಂದ ಮಗು ಮೊದಲ ಸೆಮಿಸ್ಟರಿನಲ್ಲಿ ಎರಡು ಪಟ್ಟು ಓದಬೇಕಾಗುತ್ತದೆ. ನಮ್ಮ ಮಗಳಿಗೆ ಆ ಸೆಮಿಸ್ಟರಿನಲ್ಲಿ ಬಂದದ್ದು ‘ಬಿ’. ಗಣಿತಕ್ಕೆ ‘ಎ’ ಬಂದಿತ್ತು.

ಎರಡನೆಯ ವರ್ಷದಿಂದ ಚಿತ್ರ ಬದಲಾಯಿತು. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದೇ ಪ್ರಸಂಗ ಹೇಗೆ ಬೇರೆ ಬೇರೆಯಾಗಿ ಬಂದಿದೆ ಎಂದು ಅಕ್ಕಪಕ್ಕ ಇಟ್ಟು ಓದುವುದು, ಹೊಸ ಒಡಂಬಡಿಕೆಯ ಪತ್ರವೊಂದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಬರೆದರು ಎಂದು ಪಠ್ಯದ ಒಳಗಿನಿಂದಲೇ ಹೆಕ್ಕಿ ತೋರಿಸುವುದು, ಇವೆಲ್ಲ ಆ ತರಗತಿಯ ನಿತ್ಯದ ಕೆಲಸ. ಹನ್ನೊಂದನೆಯ ತರಗತಿಯಲ್ಲಿ ಎಪಿ ಇಂಗ್ಲಿಷ್ (ಎಪಿ ಎಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್; ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ, ಕೊನೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಕಾಲೇಜು ಕ್ರೆಡಿಟ್ ಸಿಗಬಹುದು) ತೆಗೆದುಕೊಂಡಾಗ, ಗದ್ಯದ ಒಂದು ತುಣುಕನ್ನು ಸಾಲು ಸಾಲಾಗಿ ಬಿಡಿಸಿ ಓದುವ ಶಿಸ್ತು ಅವಳಿಗೆ ಆಗಲೇ ಕೈವಶವಾಗಿತ್ತು. ಅದನ್ನು ಕೊಟ್ಟದ್ದು ಇಂಗ್ಲಿಷ್ ವಿಭಾಗಕ್ಕಿಂತ ಹೆಚ್ಚಾಗಿ ಥಿಯಾಲಜಿ ವಿಭಾಗ ಎಂಬುದು ಅವಳದೇ ಮಾತು. ಸಭಾ ಇತಿಹಾಸದ ಕೋರ್ಸ್ ಕೂಡ ಪಟ್ಟಿಯಲ್ಲಿ ಕಾಣುವುದಕ್ಕಿಂತ ದೊಡ್ಡದು. ಲೂಥರ್ 1517ರ ಅಕ್ಟೋಬರ್ 31ರಂದು ಮುಂದಿಟ್ಟ 95 ವಾದಗಳಿಂದ ಆರಂಭಿಸಿ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆ, ಲೂಥರನ್ ವಿಶ್ವಾಸದ ದಾಖಲೆಗಳನ್ನು ಒಟ್ಟುಗೂಡಿಸಿದ 1580ರ ಕಾನ್ಕಾರ್ಡ್ ಗ್ರಂಥದವರೆಗೆ ಬಂದು, ಆಮೇಲೆ ಸ್ಯಾಕ್ಸನಿಯಿಂದ ಹೊರಟ ಜರ್ಮನ್ನರು 1839ರಲ್ಲಿ ಮಿಸೌರಿಯಲ್ಲಿ ನೆಲೆಯೂರಿದ ಕಥೆಯವರೆಗೆ ಅದು ಹರಿಯುತ್ತದೆ. ಯುರೋಪಿನ ಇತಿಹಾಸವನ್ನು ಇಷ್ಟು ಹತ್ತಿರದಿಂದ ಅವಳು ಸಮಾಜ ವಿಜ್ಞಾನದ ತರಗತಿಯಲ್ಲಿ ಓದಲಿಲ್ಲ.

ಹನ್ನೆರಡನೆಯ ತರಗತಿಯ ‘ಜಗತ್ತಿನ ಧರ್ಮಗಳು’ ನನ್ನ ದೂರಿನ ಜಾಗ. ಪಠ್ಯಪುಸ್ತಕದಲ್ಲಿ ಹಿಂದೂ ಧರ್ಮಕ್ಕೆ ಸಿಕ್ಕಿದ್ದು ಹನ್ನೊಂದು ಪುಟ. ಕರ್ಮ, ಪುನರ್ಜನ್ಮ, ಜಾತಿ, ಅನೇಕ ದೇವತೆಗಳು, ಅಲ್ಲಿಗೆ ಮುಗಿಯಿತು. ಪ್ರತಿ ಅಧ್ಯಾಯದ ಕೊನೆಗೂ ‘ಇದಕ್ಕೆ ಕ್ರೈಸ್ತ ವಿಶ್ವಾಸದ ಉತ್ತರ’ ಎಂಬ ಭಾಗವಿತ್ತು. ಧರ್ಮಗಳ ಪರಿಚಯ ಎಂಬ ಹೆಸರಿನ ಕೋರ್ಸು ಪ್ರತಿವಾದದ ತಯಾರಿಯಾಗಿ ನಡೆಯುವುದಾದರೆ, ಅದನ್ನು ಪಟ್ಟಿಯ ವಿವರಣೆಯಲ್ಲೇ ಹೇಳಿಬಿಡುವುದು ಪ್ರಾಮಾಣಿಕತೆ. ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯಬೇಕು. ಆ ಅಧ್ಯಾಯ ಸಾಲದು ಎಂದು ಮಗಳು ಹೇಳಿದಾಗ ಪಾಠ ಮಾಡುತ್ತಿದ್ದ ಪಾಸ್ಟರ್ ಒಂದು ಇಡೀ ಪಿರಿಯಡನ್ನು ಅವಳಿಗೆ ಬಿಟ್ಟುಕೊಟ್ಟರು. ಅವಳು ಹನ್ನೆರಡನೆಯ ಶತಮಾನದ ವಚನಕಾರರ ಬಗ್ಗೆ, ಕಾಯಕದ ಬಗ್ಗೆ, ಗುಡಿಗಿಂತ ದೇಹವೇ ದೇಗುಲ ಎಂಬ ನಿಲುವಿನ ಬಗ್ಗೆ ಮಾತಾಡಿದಳು. ಯಾವುದೇ ವೃತ್ತಿಯೂ ದೇವರ ಕರೆಯೇ ಎನ್ನುವ ಲೂಥರನ ವಿಚಾರವನ್ನು ಕಾಯಕದ ಪಕ್ಕದಲ್ಲಿ ಇಟ್ಟು ನೋಡಿ ಎಂದು ಪಾಸ್ಟರ್ ಮುಂದಿನ ಪ್ರಬಂಧಕ್ಕೆ ಅದನ್ನೇ ವಿಷಯವಾಗಿ ಕೊಟ್ಟರಂತೆ. ಪುಸ್ತಕದ ಕೊರತೆಯನ್ನು ಮೇಷ್ಟರು ತುಂಬಿದರು. ಆದರೆ ಮೇಷ್ಟರು ಬದಲಾದರೆ ಉಳಿಯುವುದು ಪುಸ್ತಕ.

ವಿನಾಯಿತಿಯ ವಿಷಯದಲ್ಲಿ ಒಂದು ಕಾನೂನಿನ ಅಂಶವನ್ನು ಇಲ್ಲಿ ಸೇರಿಸುವುದು ಉಪಯುಕ್ತ. ಮಿಲ್ವಾಕಿಯಲ್ಲಿ 1990ರಿಂದ ರಾಜ್ಯ ಸರ್ಕಾರವೇ ಖಾಸಗಿ ಶಾಲೆಯ ಶುಲ್ಕ ಭರಿಸುವ ವೌಚರ್ ಯೋಜನೆ ಇದೆ. 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಿದ ಮೇಲೆ ಧಾರ್ಮಿಕ ಶಾಲೆಗಳೂ ಅದರಲ್ಲಿ ಸೇರಿವೆ. ವೌಚರ್ ಮೇಲೆ ಬಂದ ಮಗುವಿನ ಪೋಷಕರು ಲಿಖಿತವಾಗಿ ಕೇಳಿಕೊಂಡರೆ, ಮಗುವನ್ನು ಧಾರ್ಮಿಕ ಚಟುವಟಿಕೆಯಲ್ಲಿ ಭಾಗವಹಿಸುವಂತೆ ಶಾಲೆ ಒತ್ತಾಯಿಸುವ ಹಾಗಿಲ್ಲ. ನಮ್ಮಂತೆ ಕೈಯಿಂದ ಶುಲ್ಕ ಕಟ್ಟುವವರಿಗೆ ಈ ರಕ್ಷಣೆ ಇಲ್ಲ. ಶಾಲೆಯ ನಿಯಮವೇ ಅಂತಿಮ. ಹಣ ಕೊಟ್ಟವರಿಗೆ ಹಕ್ಕು ಕಡಿಮೆ ಎಂಬ ಈ ವಿಚಿತ್ರವನ್ನು ಮೊದಲ ಸಲ ಓದಿದಾಗ ನಗು ಬಂದಿತ್ತು.

ಇನ್ನು ಭಾಷೆಗಳು. ಪಟ್ಟಿಯಲ್ಲಿ ಸ್ಪ್ಯಾನಿಷ್ ನಾಲ್ಕು ಹಂತ, ಜರ್ಮನ್ ನಾಲ್ಕು ಹಂತ, ಲ್ಯಾಟಿನ್ ಎರಡು ಹಂತ ಇವೆ. ಸುಮಾರು ಮುನ್ನೂರು ಮಕ್ಕಳ ಶಾಲೆಗೆ ಇದು ದೊಡ್ಡ ಮಾತು. ಲೂಥರನ್ ಶಾಲೆಗಳಿಗೂ ಭಾಷೆಗಳಿಗೂ ಇರುವ ನಂಟು ಹಳೆಯದು. ಜರ್ಮನಿಯ ನಗರಸಭೆಗಳು ಶಾಲೆಗಳನ್ನು ತೆರೆಯಬೇಕೆಂದು ಒತ್ತಾಯಿಸಿ 1524ರಲ್ಲಿ ಲೂಥರ್ ಬರೆದ ಪತ್ರದಲ್ಲಿ, ಬಂದೂಕು, ರಸ್ತೆ, ಸೇತುವೆಗಳಿಗೆ ವರ್ಷವರ್ಷವೂ ಸುರಿಯುವ ಹಣದಲ್ಲಿ ಒಂದು ಪಾಲನ್ನು ಮೇಷ್ಟರುಗಳಿಗೆ ಏಕೆ ಕೊಡಬಾರದು ಎಂಬ ಪ್ರಶ್ನೆಯೂ, ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿಸದ ಶಾಲೆಯಿಂದ ಧರ್ಮಕ್ಕೂ ಊರಿಗೂ ನಷ್ಟ ಎಂಬ ವಾದವೂ, ಹೆಣ್ಣುಮಕ್ಕಳಿಗೂ ಶಾಲೆ ಬೇಕು ಎಂಬ ಮಾತೂ ಇದೆ. ಈ ದೇಶಕ್ಕೆ ಬಂದ ಮೇಲೆ ಲೂಥರನ್ನರ ಭಾಷಾ ಜಗಳ ಜರ್ಮನ್ನಿನ ಸುತ್ತ ತಿರುಗಿತು. ಇದೇ ವಿಸ್ಕಾನ್ಸಿನ್‌ನಲ್ಲಿ 1889ರ ಬೆನೆಟ್ ಕಾನೂನು ಖಾಸಗಿ ಶಾಲೆಗಳೂ ಮುಖ್ಯ ವಿಷಯಗಳನ್ನು ಇಂಗ್ಲಿಷಿನಲ್ಲೇ ಕಲಿಸಬೇಕೆಂದು ವಿಧಿಸಿದಾಗ, ಎಂದೂ ಒಂದಾಗದ ಲೂಥರನ್ನರೂ ಕ್ಯಾಥೊಲಿಕರೂ ಒಟ್ಟಾಗಿ ನಿಂತರು. 1890ರ ಚುನಾವಣೆಯಲ್ಲಿ ಗವರ್ನರ್ ಸೋತರು, 1891ರಲ್ಲಿ ಕಾನೂನು ರದ್ದಾಯಿತು. ಮೊದಲ ಮಹಾಯುದ್ಧದ ನಂತರ ನೆಬ್ರಾಸ್ಕ ರಾಜ್ಯ ಎಂಟನೇ ತರಗತಿ ದಾಟದ ಮಕ್ಕಳಿಗೆ ಬೇರೆ ಭಾಷೆ ಕಲಿಸುವುದನ್ನೇ 1919ರಲ್ಲಿ ಅಪರಾಧವಾಗಿಸಿತು. ಅಲ್ಲಿನ ಹ್ಯಾಂಪ್ಟನ್ ಎಂಬ ಊರಿನ ಲೂಥರನ್ ಶಾಲೆಯ ಮೇಷ್ಟರು ರಾಬರ್ಟ್ ಮೇಯರ್, ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕೆ 25 ಡಾಲರ್ ದಂಡಕ್ಕೆ ಗುರಿಯಾದರು. ಅವರು ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1923ರಲ್ಲಿ ಗೆದ್ದರು. ಮಕ್ಕಳಿಗೆ ಏನು ಕಲಿಸಬೇಕೆಂಬುದರಲ್ಲಿ ತಂದೆತಾಯಂದಿರಿಗಿರುವ ಹಕ್ಕಿನ ಬಗ್ಗೆ ಅಮೆರಿಕದ ನ್ಯಾಯಾಲಯಗಳು ಇಂದಿಗೂ ಎತ್ತಿ ಹೇಳುವ ತೀರ್ಪು ಅದು. ವಾರಾಂತ್ಯದಲ್ಲಿ ಮಕ್ಕಳನ್ನು ಕನ್ನಡ ಕಲಿಯಲು ಕರೆದೊಯ್ಯುವ ನಾವು ಆ ಮೇಷ್ಟರಿಗೆ ಸ್ವಲ್ಪ ಋಣಿಗಳೇ.

ಇಷ್ಟು ಇತಿಹಾಸವನ್ನು ಬೆನ್ನಿಗೆ ಕಟ್ಟಿಕೊಂಡ ಜರ್ಮನ್ ವಿಭಾಗ ಇಂದು ಒಬ್ಬರೇ ಅಧ್ಯಾಪಕಿಯ ಮೇಲೆ ನಿಂತಿದೆ. ಪಟ್ಟಿಯ ಅಡಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ‘ಸಾಕಷ್ಟು ವಿದ್ಯಾರ್ಥಿಗಳು ಸೇರಿದರೆ ಮಾತ್ರ’ ಎಂದಿರುತ್ತದೆ, ಆ ಸಂಖ್ಯೆ ಹತ್ತು ಎಂದು ಕೇಳಿ ತಿಳಿದುಕೊಳ್ಳಬೇಕು. ಮಗಳ ಸಾಲಿನಲ್ಲಿ ಜರ್ಮನ್ 3 ಮತ್ತು 4ನ್ನು ಒಂದೇ ಕೋಣೆಯಲ್ಲಿ, ಒಂದೇ ಪಿರಿಯಡಿನಲ್ಲಿ ನಡೆಸಿದರು; ಹಳ್ಳಿಯ ಏಕೋಪಾಧ್ಯಾಯ ಶಾಲೆಯ ಹಾಗೆ ಒಂದು ಗುಂಪಿಗೆ ಬರೆಯಲು ಕೊಟ್ಟು ಇನ್ನೊಂದು ಗುಂಪಿನೊಡನೆ ಮಾತಾಡುವುದು. ಆಶ್ಚರ್ಯವೆಂದರೆ ಇದರಿಂದ ನಷ್ಟವೇನೂ ಆಗಲಿಲ್ಲ. ದೊಡ್ಡವರ ಮಾತು ಕಿವಿಗೆ ಬೀಳುತ್ತ ಕಿರಿಯರು ಬೇಗ ಕಲಿತರು. ಲ್ಯಾಟಿನ್ ಮಾತ್ರ ಆ ನಾಲ್ಕು ವರ್ಷಗಳಲ್ಲಿ ಒಂದೇ ಒಂದು ಬಾರಿ ನಡೆಯಿತು. ನಾಲ್ಕೂ ವರ್ಷ ಅದು ಪಟ್ಟಿಯಲ್ಲಿ ಅಚ್ಚಾಗಿತ್ತು.

ವಿಜ್ಞಾನ ವಿಭಾಗದ ಬಗ್ಗೆ ನಮ್ಮವರು ಕೇಳುವ ಮೊದಲ ಪ್ರಶ್ನೆ ಜೀವವಿಕಾಸದ್ದು. ಇದಕ್ಕೆ ಉತ್ತರ ಕೊಡುವ ಮೊದಲು, ಲೂಥರನ್ ಎಂಬ ಫಲಕದ ಹಿಂದೆ ಯಾವ ಸಿನಡ್, ಅಂದರೆ ಯಾವ ಸಭಾ ಒಕ್ಕೂಟ ಇದೆ ಎಂದು ಕೇಳಬೇಕು. 1847ರಲ್ಲಿ ಹುಟ್ಟಿದ ಮಿಸೌರಿ ಸಿನಡ್, 1850ರಲ್ಲಿ ಹುಟ್ಟಿದ ವಿಸ್ಕಾನ್ಸಿನ್ ಸಿನಡ್ ಎರಡೂ ಸೃಷ್ಟಿಯ ಆರು ದಿನಗಳನ್ನು ಅಕ್ಷರಶಃ ಹಿಡಿಯುತ್ತವೆ. 1988ರಲ್ಲಿ ಒಂದುಗೂಡಿದ, ಹೆಚ್ಚು ಉದಾರವಾದಿ ಎನಿಸಿದ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಹಾಗೆ ಓದಲು ಒತ್ತಾಯಿಸುವುದಿಲ್ಲ. ನಮ್ಮ ಶಾಲೆ ಮೊದಲ ಬಗೆಯದು. ಒಂಬತ್ತನೇ ತರಗತಿಯ ಸಾಮಾನ್ಯ ಜೀವಶಾಸ್ತ್ರದಲ್ಲಿ ವಿಕಾಸವಾದವನ್ನು ‘ವಿಜ್ಞಾನಿಗಳ ವಿವರಣೆ’ ಎಂದು ಕಲಿಸಿ, ನಂತರ ಸೃಷ್ಟಿಯ ದೃಷ್ಟಿಯನ್ನು ಒಂದು ವಾರ ಕಲಿಸುತ್ತಾರೆ. ಆ ವಾರದ ಪಾಠ ವಿಜ್ಞಾನದ ತರಗತಿಗೆ ಸೇರಿದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಕೇವಲ ಮನೆಯ ಚರ್ಚೆಯ ವಿಷಯವೂ ಅಲ್ಲ: ಬೈಬಲ್ ಆಧಾರಿತ ಪಠ್ಯಗಳನ್ನು ಬಳಸಿದ ಕೆಲವು ಕ್ರೈಸ್ತ ಶಾಲೆಗಳ ಜೀವಶಾಸ್ತ್ರ ಕೋರ್ಸನ್ನು ಪ್ರವೇಶಕ್ಕೆ ಪರಿಗಣಿಸಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ನಿರಾಕರಿಸಿದಾಗ ಪ್ರಕರಣ ಕೋರ್ಟಿಗೆ ಹೋಗಿ, 2008ರಲ್ಲಿ ವಿಶ್ವವಿದ್ಯಾಲಯದ ಪರವಾಗಿ ತೀರ್ಪು ಬಂತು. ಅದು ಲೂಥರನ್ ಶಾಲೆಯ ಪ್ರಕರಣವಲ್ಲದಿದ್ದರೂ, ಯಾವ ಪಠ್ಯಪುಸ್ತಕ ಎಂದು ಕೇಳುವುದರಲ್ಲಿ ತಪ್ಪಿಲ್ಲ ಎಂಬುದಕ್ಕೆ ಸಾಕ್ಷಿ. ನಮ್ಮ ಶಾಲೆ ಬಳಸುವುದು ಸರ್ಕಾರಿ ಶಾಲೆಗಳಲ್ಲಿರುವ ಪ್ರಕಾಶಕರ ಪುಸ್ತಕವನ್ನೇ.

ಎಪಿ ಜೀವಶಾಸ್ತ್ರಕ್ಕೆ ಬಂದರೆ ಈ ಗೊಂದಲ ಇಲ್ಲ. ಎಪಿ ಎಂಬ ಹೆಸರನ್ನು ಕೋರ್ಸಿಗೆ ಇಡಬೇಕಾದರೆ ಶಾಲೆ ತನ್ನ ಪಾಠಕ್ರಮವನ್ನು ಎಪಿ ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಪರಿಶೀಲನೆಗೆ ಒಪ್ಪಿಸಬೇಕು, ಅಲ್ಲಿನ ಎಂಟು ಘಟಕಗಳಲ್ಲಿ ಏಳನೆಯದೇ ನೈಸರ್ಗಿಕ ಆಯ್ಕೆ. ಪರೀಕ್ಷೆಯ 13ರಿಂದ 20 ಶೇಕಡಾ ಅಂಕ ಅದರ ಮೇಲಿದೆ. ಮೇ ತಿಂಗಳ ಪರೀಕ್ಷೆಯಲ್ಲಿ 1ರಿಂದ 5ರವರೆಗಿನ ಅಂಕ ಬರುವುದು ಹೊರಗಿನವರ ಕೈಯಿಂದ. ಹಾಗಾಗಿ ಪಾಠ ಪೂರ್ತಿಯಾಗಿ ನಡೆಯಿತು, ಚೆನ್ನಾಗಿಯೂ ನಡೆಯಿತು. ರಸಾಯನಶಾಸ್ತ್ರದ ಪ್ರಯೋಗಾಲಯ ಹಳೆಯದಾದರೂ ಹದಿನಾಲ್ಕು ಮಕ್ಕಳಿಗೆ ಒಬ್ಬರು ಅಧ್ಯಾಪಕರಿದ್ದುದರಿಂದ ಪ್ರತಿ ಮಗುವೂ ತನ್ನ ಕೈಯಾರೆ ಟೈಟ್ರೇಷನ್ ಮಾಡಿತು. ಭೌತಶಾಸ್ತ್ರದಲ್ಲಿ ಬೀಜಗಣಿತ ಆಧಾರಿತ ಎಪಿ ಫಿಸಿಕ್ಸ್ 1 ಮಾತ್ರ ಇದೆ, ಅದೂ ವರ್ಷ ಬಿಟ್ಟು ವರ್ಷ. ಕ್ಯಾಲ್ಕುಲಸ್ ಆಧಾರಿತ ಫಿಸಿಕ್ಸ್ ಸಿ ಇಲ್ಲ. ಎಂಜಿನಿಯರಿಂಗ್ ಕನಸಿನ ಮಗುವಿದ್ದರೆ ಇದನ್ನು ಗಮನಿಸಲೇಬೇಕು.

ಗಣಿತವೂ ಹೀಗೆಯೇ ಎಪಿ ಕ್ಯಾಲ್ಕುಲಸ್ ಎಬಿಗೆ ನಿಲ್ಲುತ್ತದೆ. ಅನಂತ ಶ್ರೇಣಿಗಳನ್ನು ಒಳಗೊಂಡ, ಅದರ ಮುಂದಿನ ಹಂತದ ಕ್ಯಾಲ್ಕುಲಸ್ ಬಿ.ಸಿ. (BC) ಬೇಕೆಂದರೆ ಆನ್‌ಲೈನ್. ಕಂಪ್ಯೂಟರ್ ವಿಜ್ಞಾನ ಪಟ್ಟಿಯ ಅತ್ಯಂತ ಬಡ ಪುಟ. ಎಪಿ ಕಂಪ್ಯೂಟರ್ ಸೈನ್ಸ್ ಪ್ರಿನ್ಸಿಪಲ್ಸ್ ಒಂದನ್ನು ಶಾಲೆಯಲ್ಲಿ ಕಲಿಸುತ್ತಾರೆ, ಜಾವಾ ಭಾಷೆಯ ಮೇಲೆ ನಿಂತ ಕಂಪ್ಯೂಟರ್ ಸೈನ್ಸ್ ಎ ಕೋರ್ಸನ್ನು ಗ್ರಂಥಾಲಯದ ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಮುಗಿಸಬೇಕು. ಅದೇ ಪಟ್ಟಣದ ದೊಡ್ಡ ಸರ್ಕಾರಿ ಹೈಸ್ಕೂಲಿನಲ್ಲಿ ಇವೆರಡೂ, ರೊಬಾಟಿಕ್ಸ್ ಕೂಡ, ಶುಲ್ಕವಿಲ್ಲದೆ ಸಿಗುತ್ತವೆ. ಗಣಿತ ಮತ್ತು ಕಂಪ್ಯೂಟರೇ ಮುಖ್ಯವೆನ್ನುವ ಕುಟುಂಬಕ್ಕೆ ಈ ಶಾಲೆಯನ್ನು ನಾನು ಶಿಫಾರಸು ಮಾಡುವುದಿಲ್ಲ.

ಕಾಲೇಜು ಕ್ರೆಡಿಟ್ ಗಳಿಸುವ ಇನ್ನೊಂದು ದಾರಿ ಇಲ್ಲಿದೆ, ಅದನ್ನು ಪಟ್ಟಿ ಸರಿಯಾಗಿ ಹೇಳಿಕೊಳ್ಳುವುದೇ ಇಲ್ಲ. ಮಿಸೌರಿ ಸಿನಡಿನ ಕಾನ್ಕಾರ್ಡಿಯಾ ವಿಶ್ವವಿದ್ಯಾಲಯಗಳೊಡನೆ ಇಂತಹ ಹೈಸ್ಕೂಲುಗಳು ಮಾಡಿಕೊಂಡಿರುವ ಒಪ್ಪಂದದಂತೆ, ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ಕೆಲವು ಕೋರ್ಸ್‌ಗಳಿಗೆ ಕಡಿಮೆ ಶುಲ್ಕದಲ್ಲಿ ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲೇ ಕ್ರೆಡಿಟ್ ಸಿಗುತ್ತದೆ. ಎಪಿಯಲ್ಲಿ ಸುಮಾರು 100 ಡಾಲರ್ ಕಟ್ಟಿ, ಒಂದು ದಿನದ ಪರೀಕ್ಷೆಯ ಮೇಲೆ ಎಲ್ಲವನ್ನೂ ಪಣಕ್ಕಿಡಬೇಕು. ಇಲ್ಲಿ ವರ್ಷದ ಕೆಲಸವೇ ಲೆಕ್ಕಕ್ಕೆ ಬರುತ್ತದೆ. ಆದರೆ ಆ ಕ್ರೆಡಿಟನ್ನು ಬೇರೆ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮಗಳ ಇತಿಹಾಸದ ಕ್ರೆಡಿಟ್ ಒಪ್ಪಿಗೆಯಾಯಿತು, ಥಿಯಾಲಜಿಯದು ‘ಇತರೆ’ ಎಂಬ ಕಪಾಟಿಗೆ ಹೋಯಿತು. ಕಾಲೇಜು ಆಟಗಾರರಾಗುವವರಿಗೂ ಇದೇ ಎಚ್ಚರ ಬೇಕು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಕೇಳುವ 16 ಮೂಲ ಕೋರ್ಸ್‌ಗಳಲ್ಲಿ ಧರ್ಮಗಳ ತೌಲನಿಕ ಅಧ್ಯಯನಕ್ಕೆ ಜಾಗವಿದೆ, ಒಂದು ಪಂಥದ ಸಿದ್ಧಾಂತ ಬೋಧನೆಗೆ ಇಲ್ಲ.

ಸಂಗೀತದ ಪುಟಕ್ಕೆ ಬಂದಾಗ ಮಾತ್ರ ಲೇಖನಿ ತಾನಾಗಿಯೇ ನಿಧಾನವಾಗುತ್ತದೆ. ಎರಡು ಗಾಯನವೃಂದ, ಒಂದು ಬ್ಯಾಂಡ್, ಒಂದು ಕೈಗಂಟೆ ತಂಡ, ಸಂಗೀತ ಶಾಸ್ತ್ರದ ಒಂದು ಎಪಿ ಕೋರ್ಸ್. ಸಣ್ಣ ಶಾಲೆಯಲ್ಲಿ ಮೂವರಲ್ಲಿ ಒಬ್ಬರು ಯಾವುದಾದರೊಂದರಲ್ಲಿ ಇದ್ದೇ ಇರುತ್ತಾರೆ, ಏಕೆಂದರೆ ಇಡೀ ಸಭೆಯೇ ಹಾಡಬೇಕು ಎಂಬುದು ಲೂಥರನ್ ಪರಂಪರೆಯ ಬುನಾದಿ. ಜರ್ಮನ್ ಸಂಗೀತಕಾರ ಬಾಕ್ 1723ರಲ್ಲಿ ಲೈಪ್‌ಜಿಗ್‌ಗೆ ಬಂದದ್ದು ಸಂತ ತೋಮಸರ ಶಾಲೆಯ ಮಕ್ಕಳಿಗೆ ಹಾಡು ಕಲಿಸುವ ಮೇಷ್ಟರಾಗಿ. ಲ್ಯಾಟಿನ್ ಪಾಠವೂ ಅವರ ಪಾಲಿಗಿತ್ತು, ಅದನ್ನು ಅವರು ಹಣ ಕೊಟ್ಟು ಇನ್ನೊಬ್ಬರಿಂದ ಮಾಡಿಸಿದರು! ನಮ್ಮ ಮಗಳು ಏಳು ವರ್ಷ ಕರ್ನಾಟಕ ಸಂಗೀತ ಕಲಿತು ಇಲ್ಲಿಗೆ ಬಂದವಳು. ಒಂದೇ ರಾಗದ ಒಂದೇ ಸಾಲನ್ನು ಗಮಕಗಳಿಂದ ತುಂಬಿ ಹಾಡಿ ರೂಢಿಯಾದ ಗಂಟಲಿಗೆ, ಅಲುಗಾಡದ ನೇರ ಸ್ವರವನ್ನು ಹಿಡಿದು, ಪಕ್ಕದವರು ಬೇರೆ ಸ್ವರ ಹಿಡಿದಾಗಲೂ ತನ್ನದನ್ನು ಬಿಡದೆ ನಿಲ್ಲುವುದು ಆರು ತಿಂಗಳ ಹೋರಾಟವಾಯಿತು. ಅವಳ ಕಿವಿ ಹರಿತವಾದದ್ದು ಆ ಆರು ತಿಂಗಳಲ್ಲಿ. ಕೈಗಂಟೆಯ ತರಗತಿ ಇನ್ನೂ ವಿಚಿತ್ರ: ಒಬ್ಬೊಬ್ಬರ ಕೈಯಲ್ಲಿ ಎರಡೋ ನಾಲ್ಕೋ ಗಂಟೆ, ಅಂದರೆ ಎರಡೋ ನಾಲ್ಕೋ ಸ್ವರ ಮಾತ್ರ. ಒಬ್ಬರು ಗೈರಾದರೆ ಹಾಡಿಗೆ ಅಷ್ಟು ಹಲ್ಲು ಉದುರಿದಂತೆ. ಹಾಜರಾತಿಯ ಶಿಸ್ತನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಕೋರ್ಸನ್ನು ನಾನು ಕಂಡಿಲ್ಲ.

ಇದರ ಬೆಲೆಯೂ ಇದೆ. ಸಣ್ಣ ಶಾಲೆಯಲ್ಲಿ ಮೇಲಿನ ಹಂತದ ಪ್ರತಿ ಕೋರ್ಸ್ ದಿನಕ್ಕೆ ಒಂದೇ ಬಾರಿ ನಡೆಯುವುದರಿಂದ, ಎರಡು ಒಂದೇ ಪಿರಿಯಡಿಗೆ ಬಿದ್ದರೆ ಒಂದನ್ನು ಬಿಡಲೇಬೇಕು. ಹನ್ನೊಂದನೆಯ ತರಗತಿಯಲ್ಲಿ ಹಿರಿಯ ಗಾಯನವೃಂದವೂ ಎಪಿ ರಸಾಯನಶಾಸ್ತ್ರವೂ ಆರನೆಯ ಪಿರಿಯಡಿಗೆ ಬಿದ್ದವು. ಪಟ್ಟಿಯಲ್ಲಿ ಎರಡೂ ಇದ್ದವು, ವೇಳಾಪಟ್ಟಿಯಲ್ಲಿ ಒಂದೇ ಸಿಗುವಂತಿತ್ತು. ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಕೌನ್ಸೆಲರ್ ಆಗಸ್ಟಿನಲ್ಲಿ ಇದನ್ನು ತಿಳಿಸಿದರು, ನಾವು ಫೆಬ್ರವರಿಯಲ್ಲೇ ಆಯ್ಕೆ ಕೊಟ್ಟಿದ್ದೆವು. ಮಗಳು ಹಾಡನ್ನು ಆರಿಸಿಕೊಂಡು ರಸಾಯನಶಾಸ್ತ್ರವನ್ನು ಸಾಮಾನ್ಯ ಮಟ್ಟದಲ್ಲಿ ಓದಿದಳು. ಮನೆಯಲ್ಲಿ ಆ ವಾರ ಯಾರೂ ಹೆಚ್ಚು ಮಾತಾಡಲಿಲ್ಲ. ಈಗ ಅವಳು ಆ ನಿರ್ಧಾರಕ್ಕೆ ಪಶ್ಚಾತ್ತಾಪ ಪಡುತ್ತಿಲ್ಲ, ನಾವು ಅರ್ಧಂಬರ್ಧ ಒಪ್ಪಿಕೊಂಡಿದ್ದೇವೆ.

ಚಿತ್ರಕಲೆ, ಮರಗೆಲಸ, ದೈಹಿಕ ಶಿಕ್ಷಣ ಎಲ್ಲ ಕಡೆ ಇರುವಂತೆಯೇ ಇವೆ. ಹಣಕಾಸು ನಿರ್ವಹಣೆಯ ಅರ್ಧ ಕ್ರೆಡಿಟ್ ಮಾತ್ರ ನಿಜವಾಗಿ ಕೆಲಸಕ್ಕೆ ಬಂತು. ತೆರಿಗೆ ಅರ್ಜಿಯನ್ನು ಅವಳು ನನಗಿಂತ ಬೇಗ ತುಂಬುತ್ತಾಳೆ. ವಾರಕ್ಕೆ ಮೂರು ದಿನದ ಚಾಪೆಲ್‌ಗೆ, ಅಂದರೆ ಶಾಲೆಯ ಪ್ರಾರ್ಥನಾ ಸಭೆಗೆ, ಕ್ರೆಡಿಟ್ ಇಲ್ಲ, ಹಾಜರಾತಿ ಇದೆ.

ಇಂತಹ ಶಾಲೆಯ ಪಟ್ಟಿಯನ್ನು ಕೈಗೆತ್ತಿಕೊಂಡವರು ಕೌನ್ಸೆಲರ್ ಬಳಿ ಕೇಳಬೇಕಾದದ್ದು ಇಷ್ಟೇ: ಕಳೆದ ಮೂರು ವರ್ಷಗಳಲ್ಲಿ ಇವುಗಳಲ್ಲಿ ಯಾವ ಯಾವ ಕೋರ್ಸ್ ನಿಜವಾಗಿ ನಡೆಯಿತು, ಯಾವುದು ಆನ್‌ಲೈನ್ ಆಯಿತು, ಕಳೆದ ವರ್ಷದ ವೇಳಾಪಟ್ಟಿಯಲ್ಲಿ ಯಾವ ಎರಡು ಒಂದೇ ಪಿರಿಯಡಿಗೆ ಬಿದ್ದವು. ಈ ಮೂರಕ್ಕೆ ಕಾಗದದ ಮೇಲೆ ಉತ್ತರ ಕೊಡುವ ಶಾಲೆಯನ್ನು ನಂಬಬಹುದು. ನಮ್ಮ ಶಾಲೆ ಈ ಬಾರಿ ಕೊಟ್ಟಿತು, ಸ್ವಲ್ಪ ಮುಜುಗರದಿಂದಲೇ. ಐದರಲ್ಲಿ ಅಂಕ ಕೊಡಬೇಕೆಂದರೆ ಥಿಯಾಲಜಿಯ ಪಠ್ಯಶಿಸ್ತಿಗೂ ಸಂಗೀತಕ್ಕೂ ನಾಲ್ಕೂವರೆ, ಭಾಷೆಗಳಿಗೆ ನಾಲ್ಕು, ವಿಜ್ಞಾನಕ್ಕೆ ಮೂರು, ಕಂಪ್ಯೂಟರಿಗೆ ಒಂದೂವರೆ ಕೊಡುತ್ತೇನೆ.

ಮಗ ತನ್ನ ಕಾಗದ ತುಂಬಿಯಾಗಿದೆ. ಹಳೆಯ ಒಡಂಬಡಿಕೆ, ಇಂಗ್ಲಿಷ್, ಬೀಜಗಣಿತ, ಜೀವಶಾಸ್ತ್ರ, ಸಮಾಜ ವಿಜ್ಞಾನ, ಬ್ಯಾಂಡ್, ಜರ್ಮನ್ 1. ದೈಹಿಕ ಶಿಕ್ಷಣವನ್ನು ಬೇಸಿಗೆಗೆ ತಳ್ಳಿದ್ದಾನೆ. ಕಳೆದ ವಾರ ಕೌನ್ಸೆಲರ್ ಹೇಳಿದ ಪ್ರಕಾರ ಜರ್ಮನ್ 1ಕ್ಕೆ ಬಂದ ಹೆಸರುಗಳಲ್ಲಿ ಇವನದು ಎಂಟನೆಯದು.